ಜಿರಳೆಯ ಕಾಲಿನಲ್ಲಿ ನರಸಂಕೇತ ಹಿಡಿಯುವುದು, ಪ್ರತಿ ಸ್ಪೈಕಿನ ಖರ್ಚು ಲೆಕ್ಕ ಹಾಕುವುದು: ಸಮಗ್ರ ಮಾರ್ಗದರ್ಶಿ

ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಿಂದ ಕೇರಳದ ಶಾಲಾ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವಕ್ಕೆ ಬರುವ ನರಕೋಶದ ಮಾದರಿ ಸಾಮಾನ್ಯವಾಗಿ ಥರ್ಮಾಕೋಲಿನದು: ಬಣ್ಣ ಬಳಿದ ಕೋಶಕಾಯ, ಸಂಕೇತ ಒಯ್ಯುವ ಉದ್ದದ ಎಳೆಯಾದ ಆಕ್ಸಾನ್, ಅದರುದ್ದಕ್ಕೂ ಮಿನುಗುವ ಎಲ್‌ಇಡಿ ಸಾಲು. ನೋಡಲು ಚೆಂದ, ಕಲಿಯಲು ಸಿಗುವುದು ಕಡಿಮೆ. ನಿಜವಾದ ನರದ ಸದ್ದನ್ನೇ ಸ್ಪೀಕರಿನಲ್ಲಿ ಕೇಳಿಸಬಹುದಾದಾಗ ಎಲ್‌ಇಡಿ ಏಕೆ? ಒಂದು ಜಿರಳೆ, ಮೂರು ಐಸಿ, ಮೂರು ಬ್ಯಾಟರಿ, ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಪ್ರೌಢಶಾಲೆ, ಹೈಯರ್ ಸೆಕೆಂಡರಿ ಶಿಕ್ಷಕರಿಗೂ ಪದವಿ ವಿದ್ಯಾರ್ಥಿಗಳಿಗೂ ಉಪಯೋಗವಾಗುವಂತೆ ಇಲ್ಲಿ ಎರಡು ಕೆಲಸ ವಿವರಿಸಿದೆ. ಮೊದಲನೆಯದು, ಸಂಕೇತ ಹಿಡಿದು ಎಣಿಸುವುದು. ಎರಡನೆಯದು, ಆ ಸಂಕೇತಕ್ಕೆ ನರಕೋಶ ಎಷ್ಟು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ತೆರುತ್ತದೆ ಎಂದು ಲೆಕ್ಕ ಹಾಕುವುದು. ಎರಡನೆಯದನ್ನು ಬಿಟ್ಟರೆ ಮೊದಲನೆಯದು ಬರೀ ಟಪಟಪ ಸದ್ದು. ನರಸಂಕೇತಕ್ಕೆ ಈಗಿರುವ ರೂಪ ಏಕೆ ಬಂತು ಎಂಬುದಕ್ಕೆ ಉತ್ತರ ಬಹುಪಾಲು ಖರ್ಚಿನ ಲೆಕ್ಕದಲ್ಲಿದೆ.

ಮೊದಲು ಗೊತ್ತಿರಬೇಕಾದದ್ದು

ನರಕೋಶದ ಪೊರೆಯ ಒಳಗೆ ಹೊರಗಿಗಿಂತ ಸುಮಾರು 65ರಿಂದ 70 ಮಿಲಿವೋಲ್ಟ್ ಋಣ ವಿಭವ ಇರುತ್ತದೆ. ಸಸ್ತನಿಗಳಲ್ಲಿ ಸೋಡಿಯಂ ಹೊರಗೆ 145, ಒಳಗೆ 12 ಮಿಲಿಮೋಲಾರ್‌ನಷ್ಟು. ಪೊಟ್ಯಾಶಿಯಂ ಹೊರಗೆ 4, ಒಳಗೆ 140. ನರ್ನ್‌ಸ್ಟ್ ಸಮೀಕರಣದಲ್ಲಿ ಇವನ್ನು ಹಾಕಿದರೆ 37 ಡಿಗ್ರಿಯಲ್ಲಿ ಸೋಡಿಯಂಗೆ ಸುಮಾರು +67, ಪೊಟ್ಯಾಶಿಯಂಗೆ −95 ಮಿಲಿವೋಲ್ಟ್ ಸಿಗುತ್ತದೆ. ಸೋಡಿಯಂ ದ್ವಾರಗಳು ತೆರೆದರೆ ಪೊರೆಯ ವಿಭವ ಮೇಲಕ್ಕೆ ಜಿಗಿಯುತ್ತದೆ, ಪೊಟ್ಯಾಶಿಯಂ ದ್ವಾರಗಳು ತೆರೆದಾಗ ಕೆಳಗಿಳಿಯುತ್ತದೆ. ಸುಮಾರು ಒಂದು ಮಿಲಿಸೆಕೆಂಡಿನ ಈ ಏರಿಳಿತವೇ ಸ್ಪೈಕ್. ಇದರ ಗಣಿತವನ್ನು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್‌ನ, ಅಂದರೆ ನಮ್ಮ ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಸಿಗುವ ಬೊಂಡಾಸಿನ ಬಳಗದ ಪ್ರಾಣಿಯ, ದಪ್ಪ ಆಕ್ಸಾನಿನಲ್ಲಿ ಕಂಡುಕೊಂಡರು. 1963ರಲ್ಲಿ ಅವರಿಗೆ ನೊಬೆಲ್ ಬಂತು.

ತರಗತಿಯಲ್ಲಿ ಪದೇಪದೇ ಆಗುವ ಒಂದು ತಪ್ಪನ್ನು ಇಲ್ಲೇ ತಿದ್ದಿಕೊಳ್ಳಿ. ಗಟ್ಟಿಯಾಗಿ ಒತ್ತಿದರೆ ದೊಡ್ಡ ಸ್ಪೈಕ್, ಮೆಲ್ಲಗೆ ಒತ್ತಿದರೆ ಸಣ್ಣ ಸ್ಪೈಕ್ ಎಂಬುದು ಸರಿಯಲ್ಲ. ಒಂದು ನರಕೋಶದ ಸ್ಪೈಕ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ. ಬದಲಾಗುವುದು ಅವು ಎಷ್ಟು ಬೇಗ ಬೇಗ ಬರುತ್ತವೆ ಮತ್ತು ಯಾವ ಗಳಿಗೆಯಲ್ಲಿ ಬರುತ್ತವೆ ಎಂಬುದು ಮಾತ್ರ. ಎಡ್ಗರ್ ಏಡ್ರಿಯನ್ ಮತ್ತು ಜಾಟರ್‌ಮನ್ 1926ರಲ್ಲಿ ಕಪ್ಪೆಯ ಸ್ನಾಯುವಿಗೆ ಬೇರೆ ಬೇರೆ ತೂಕ ನೇತುಹಾಕಿ ಇದನ್ನು ತೋರಿಸಿದರು. ಈ ಮಾರ್ಗದರ್ಶಿಯ ಮೊದಲರ್ಧ ಅದೇ ಪ್ರಯೋಗದ ಅಗ್ಗದ ರೂಪ.

ಬೇಕಾದ ಸಾಮಾನು

ಎಡಿ620 ಐಸಿ ಒಂದು, ಟಿಎಲ್072 ಒಂದು, ಎಲ್‌ಎಂ386 ಒಂದು. ಇಡೀ ಪಟ್ಟಿಯಲ್ಲಿ ದುಬಾರಿ ಎಡಿ620 ಮಾತ್ರ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವುದು ನಕಲಿಯಾಗಿರುವ ಸಂಭವ ಹೆಚ್ಚು. ಕಾಸರಗೋಡು ಪೇಟೆಯಲ್ಲಿ ಸಿಗದಿದ್ದರೆ ಮಂಗಳೂರಿನಲ್ಲಿ ವಿಚಾರಿಸಿ. ಐಎನ್‌ಎ128 ಸಿಕ್ಕರೂ ಆದೀತು, ಕಾಲುಗಳ ಜೋಡಣೆ ಒಂದೇ.

ರೆಸಿಸ್ಟರುಗಳು: 2.2 ಕಿಲೋಓಮ್, 5.6 ಕಿಲೋಓಮ್, 10 ಕಿಲೋಓಮ್, 100 ಓಮ್ ಒಂದೊಂದು. 1 ಕಿಲೋಓಮ್ ಮೂರು, 100 ಕಿಲೋಓಮ್ ಎರಡು. 10 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್ ಒಂದು. ಕೆಪ್ಯಾಸಿಟರುಗಳು: 470 ಪೈಕೋಫ್ಯಾರಡ್ ಒಂದು, 0.1 ಮೈಕ್ರೋಫ್ಯಾರಡ್ ಆರು, 1 ಮೈಕ್ರೋಫ್ಯಾರಡ್ ಧ್ರುವರಹಿತ ಒಂದು, 220 ಮೈಕ್ರೋಫ್ಯಾರಡ್ ಎರಡು. 9 ವೋಲ್ಟ್ ಬ್ಯಾಟರಿ ಮೂರು, 8 ಓಮ್ ಸಣ್ಣ ಸ್ಪೀಕರ್, ಬ್ರೆಡ್‌ಬೋರ್ಡ್, ಮೈಕ್ ಜ್ಯಾಕ್ ಇರುವ ಶೀಲ್ಡ್ ಕೇಬಲ್.

ಜಿರಳೆಯ ಕಾಲಿಗೆ ಚುಚ್ಚುವ ಎರಡು ಪಿನ್ನುಗಳಿಗೆ ಸಾಧಾರಣ ಗುಂಡುಸೂಜಿ ಸಾಕು, ಸಿಕ್ಕಷ್ಟು ತೆಳ್ಳಗಿನದನ್ನೇ ಆರಿಸಿ. ಸ್ಟೇನ್‌ಲೆಸ್ ಸೂಜಿಗೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಅದಕ್ಕೆ ತಂತಿಯನ್ನು ಬಿಗಿಯಾಗಿ ಸುತ್ತಿ ಮೇಲೆ ಶ್ರಿಂಕ್ ಟ್ಯೂಬ್ ಹಾಕಬೇಕು. ಮಳೆಗಾಲದಲ್ಲಿ ಉಕ್ಕಿನ ಪಿನ್ನು ಎರಡೇ ವಾರದಲ್ಲಿ ತುಕ್ಕು ಹಿಡಿಯುತ್ತದೆ, ಪ್ರತಿ ಸಲ ಮರಳುಕಾಗದದಲ್ಲಿ ಉಜ್ಜಿ. ಪಿನ್ನು ಚುಚ್ಚಲು ಥರ್ಮಾಕೋಲ್ ಬೇಡ, ಅದರ ಸ್ಥಿರವಿದ್ಯುತ್ತೇ ರೆಕಾರ್ಡಿಂಗಿನಲ್ಲಿ ಚಟಪಟ ಎನ್ನುತ್ತದೆ. ಕಾರ್ಕ್ ಇಲ್ಲವೇ ಹಳೆಯ ಹವಾಯಿ ಚಪ್ಪಲಿಯ ಒಂದು ತುಂಡು ಒಳ್ಳೆಯದು.

ಹಂತ 1: ಆಂಪ್ಲಿಫೈಯರ್ ಕಟ್ಟುವುದು

ಜಿರಳೆಯ ಕಾಲಿನ ಹೊರಗಿನಿಂದ ಸಿಗುವ ಸ್ಪೈಕ್ ಹತ್ತಾರು ಮೈಕ್ರೋವೋಲ್ಟಿನಿಂದ ಕೆಲವು ನೂರು ಮೈಕ್ರೋವೋಲ್ಟಿನವರೆಗೆ ಇರುತ್ತದೆ. ಅದನ್ನು ಎರಡು ಸಾವಿರ ಪಟ್ಟಿಗಿಂತ ಹೆಚ್ಚು ದೊಡ್ಡದು ಮಾಡಬೇಕು, ಆದರೆ ಒಂದೇ ಹಂತದಲ್ಲಿ ಮಾಡಬಾರದು. ಲೋಹದ ಪಿನ್ನು ದೇಹದ್ರವಕ್ಕೆ ತಗುಲಿದಾಗ ಅಲ್ಲೇ ಹತ್ತಾರು ಮಿಲಿವೋಲ್ಟ್ ಡಿಸಿ ಹುಟ್ಟುತ್ತದೆ. ಅದನ್ನೂ ಸಾವಿರ ಪಟ್ಟು ಹಿಗ್ಗಿಸಲು ಹೋದರೆ ಐಸಿ ಬ್ಯಾಟರಿಯ ಅಂಚಿಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತದೆ.

ಎಡಿ620ರ 1 ಮತ್ತು 8ನೇ ಕಾಲುಗಳ ನಡುವೆ 2.2 ಕಿಲೋಓಮ್ ಹಾಕಿ. ಈ ಐಸಿಯ ಗೇನ್ (ಸಂಕೇತ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಎಂದರೆ 49.4 ಕಿಲೋಓಮನ್ನು ಈ ರೆಸಿಸ್ಟರಿನಿಂದ ಭಾಗಿಸಿ 1 ಸೇರಿಸಿದ್ದು, ಅಂದರೆ 23.5. ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಕೂಡಿಸಿದಾಗ ನಡುವಿನ ಬಿಂದುವೇ ಗ್ರೌಂಡ್. 7ಕ್ಕೆ +9, 4ಕ್ಕೆ −9 ವೋಲ್ಟ್, 5 ಗ್ರೌಂಡಿಗೆ. 3ನೇ ಕಾಲು ತೊಡೆಯ ಪಿನ್ನಿಗೆ; 2ನೇ ಕಾಲು ಬುಡದ ಪಿನ್ನಿಗೆ ಮತ್ತು ಗ್ರೌಂಡಿಗೆ (ಯಾವುದನ್ನು ಎಲ್ಲಿ ಚುಚ್ಚುವುದೆಂದು ಹಂತ 3ರಲ್ಲಿದೆ). ಔಟ್‌ಪುಟ್ 6ರಲ್ಲಿ.

6ರಿಂದ 0.1 ಮೈಕ್ರೋಫ್ಯಾರಡ್ ದಾಟಿಸಿ ಟಿಎಲ್072ರ 3ನೇ ಕಾಲಿಗೆ ಕೊಡಿ, ಅಲ್ಲಿಂದ ಗ್ರೌಂಡಿಗೆ 5.6 ಕಿಲೋಓಮ್ ಹಾಕಿ. ಈ ಜೋಡಿ ಸುಮಾರು 284 ಹರ್ಟ್ಸ್‌ಗಿಂತ ಕೆಳಗಿನದನ್ನು, ಅಂದರೆ ಪಿನ್ನಿನ ಡಿಸಿಯನ್ನೂ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯ ಬಹುಪಾಲನ್ನೂ ತಡೆಯುತ್ತದೆ. ಟಿಎಲ್072ರ 1ರಿಂದ 2ಕ್ಕೆ 100 ಕಿಲೋಓಮ್, ಅದಕ್ಕೆ ಸಮಾಂತರವಾಗಿ 470 ಪೈಕೋಫ್ಯಾರಡ್. 2ರಿಂದ ಗ್ರೌಂಡಿಗೆ 1 ಕಿಲೋಓಮ್. ಗೇನ್ 101, ಮೇಲಿನ ಮಿತಿ ಸುಮಾರು 3400 ಹರ್ಟ್ಸ್. ಒಟ್ಟು ಗೇನ್ ಸುಮಾರು 2370. 100 ಮೈಕ್ರೋವೋಲ್ಟಿನ ಸ್ಪೈಕ್ 0.24 ವೋಲ್ಟ್ ಆಗಿ ಹೊರಬರುತ್ತದೆ. 8ಕ್ಕೆ +9, 4ಕ್ಕೆ −9. ಐಸಿಯ ಉಳಿದರ್ಧವನ್ನು ಅನಾಥವಾಗಿ ಬಿಡಬೇಡಿ: 5ನ್ನು ಗ್ರೌಂಡಿಗೆ ಸೇರಿಸಿ, 6 ಮತ್ತು 7ನ್ನು ಒಂದಕ್ಕೊಂದು ಕೂಡಿಸಿ.

ಟಿಎಲ್072ರ 1ನೇ ಕಾಲಿನಿಂದ 1 ಮೈಕ್ರೋಫ್ಯಾರಡ್ ದಾಟಿಸಿ ಎರಡು ದಾರಿ ಮಾಡಿ. ಒಂದು ವಾಲ್ಯೂಮ್ ಕಂಟ್ರೋಲ್ ಮೂಲಕ ಎಲ್‌ಎಂ386ರ 3ಕ್ಕೆ. ಅದರ 2 ಮತ್ತು 4 ಗ್ರೌಂಡಿಗೆ, 5ರಿಂದ 220 ಮೈಕ್ರೋಫ್ಯಾರಡ್ ದಾಟಿಸಿ ಸ್ಪೀಕರಿಗೆ. 1 ಮತ್ತು 8ನ್ನು ಖಾಲಿ ಬಿಟ್ಟರೆ 20 ಪಟ್ಟು ಗೇನ್, ಅದೇ ಹೆಚ್ಚು. ಇನ್ನೊಂದು ದಾರಿಯಲ್ಲಿ 10 ಕಿಲೋಓಮ್, ಮುಂದೆ ಗ್ರೌಂಡಿಗೆ 1 ಕಿಲೋಓಮ್. ಇವೆರಡು ಕೂಡುವಲ್ಲಿಂದ ಮತ್ತೊಂದು 0.1 ಮೈಕ್ರೋಫ್ಯಾರಡ್ ದಾಟಿಸಿ ಲ್ಯಾಪ್‌ಟಾಪಿನ ಮೈಕ್‌ಗೆ. ಹೀಗೆ 11ರಲ್ಲಿ ಒಂದು ಪಾಲಿಗೆ ಇಳಿಸದಿದ್ದರೆ ಮೈಕ್ ಇನ್‌ಪುಟ್ ತುಂಬಿ ಸ್ಪೈಕ್‌ಗಳ ತಲೆ ಚಪ್ಪಟೆಯಾಗುತ್ತದೆ.

ಎಲ್‌ಎಂ386ಕ್ಕೆ ಮೂರನೆಯ ಬ್ಯಾಟರಿಯನ್ನೇ ಕೊಡಿ, ಅದರ 6ನೇ ಕಾಲಿನಿಂದ ಗ್ರೌಂಡಿಗೆ ಉಳಿದ 220 ಮೈಕ್ರೋಫ್ಯಾರಡ್ ಹಾಕಿ. ಒಂದೇ ಬ್ಯಾಟರಿಯಲ್ಲಿ ಎಲ್ಲ ಓಡಿಸಿದರೆ ಸ್ಪೀಕರ್ ಎಳೆಯುವ ಕರೆಂಟು ಮೊದಲ ಹಂತವನ್ನು ಅಲುಗಾಡಿಸಿ, ಯಾಂತ್ರಿಕ ದೋಣಿಯ ಹಾಗೆ ಬುಡುಬುಡು ಸದ್ದು ಹೊರಡುತ್ತದೆ. ಮೊದಲೆರಡು ಐಸಿಗಳ ಬ್ಯಾಟರಿ ಕಾಲುಗಳ ಹತ್ತಿರ ಉಳಿದ 0.1ಗಳನ್ನು ಹಂಚಿ ಹಾಕಿ.

ಹಂತ 2: ಜಿರಳೆಗೆ ಮುಂಚೆ ಪರೀಕ್ಷೆ

ಈ ಹಂತ ಹಾರಿಸಿದವರೇ ಆಮೇಲೆ ಇಡೀ ಮಧ್ಯಾಹ್ನ ಕಳೆದುಕೊಳ್ಳುತ್ತಾರೆ. ಎರಡು ಪಿನ್ನುಗಳ ನಡುವೆ 1 ಕಿಲೋಓಮ್ ಸೇರಿಸಿ ಕೇಳಿ: ಮೆಲುವಾದ ಸುಯ್ ಎಂಬ ಸದ್ದು ಮಾತ್ರ ಬರಬೇಕು. ನಂತರ ಮೊಬೈಲಿನ ಟೋನ್ ಆ್ಯಪ್‌ನಿಂದ 1000 ಹರ್ಟ್ಸ್ ಸದ್ದನ್ನು ಇಯರ್‌ಫೋನ್ ಜ್ಯಾಕ್ ಮೂಲಕ ತೆಗೆದು, 100 ಕಿಲೋಓಮ್ ಮತ್ತು 100 ಓಮ್‌ಗಳಲ್ಲಿ ಸಾವಿರ ಪಾಲು ಮಾಡಿ, 100 ಓಮಿನ ಎರಡು ತುದಿಗಳನ್ನು ಪಿನ್ನುಗಳಿಗೆ ಕೊಡಿ. ಜ್ಯಾಕಿನಲ್ಲಿ 0.1 ವೋಲ್ಟ್ ಇದ್ದರೆ ಪಿನ್ನಿನಲ್ಲಿ 100 ಮೈಕ್ರೋವೋಲ್ಟ್. ಟಿಎಲ್072ರ ಔಟ್‌ಪುಟ್ಟಿನಲ್ಲಿ 0.24 ವೋಲ್ಟ್ ಹತ್ತಿರ ಬರಬೇಕು. ಬಂದರೆ ಮುಂದೆ ಸಿಗುವ ಸ್ಪೈಕಿನ ಎತ್ತರವನ್ನು ಮೈಕ್ರೋವೋಲ್ಟಿನಲ್ಲೇ ಓದಬಹುದು.

ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ. ಹತ್ತರಲ್ಲಿ ಒಂಬತ್ತು ಸಲ ಅಷ್ಟೇ ಸಾಕು. ಉಳಿದದ್ದಕ್ಕೆ ಟ್ಯೂಬ್‌ಲೈಟ್, ಫ್ಯಾನ್ ಆರಿಸಿ. ಕಾರ್ಕಿನ ಅಡಿಗೆ ಅಲ್ಯೂಮಿನಿಯಂ ಹಾಳೆ ಹಾಸಿ ಅದನ್ನು ಗ್ರೌಂಡಿಗೆ ಸೇರಿಸಿ. ಆಗಲೂ ಹೋಗದಿದ್ದರೆ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಇಟ್ಟು ಡಬ್ಬಿಯನ್ನೂ ಗ್ರೌಂಡ್ ಮಾಡಿ. ಮೊಬೈಲು ಏರೋಪ್ಲೇನ್ ಮೋಡಿನಲ್ಲಿರಲಿ. ಸದ್ದೇ ಇಲ್ಲ, ಎಡಿ620ರ ಔಟ್‌ಪುಟ್ 7 ಅಥವಾ 8 ವೋಲ್ಟಿನಲ್ಲಿ ನಿಂತಿದೆ ಎಂದಾದರೆ ಪಿನ್ನು ಎಲ್ಲೋ ಬಿಟ್ಟುಹೋಗಿದೆ: ಎಡಿ620ರ ಇನ್‌ಪುಟ್ಟಿಗೆ ಗ್ರೌಂಡಿನ ದಾರಿ ಸಿಗುವುದೇ ಕಾಲಿನ ಮೂಲಕ.

ಹಂತ 3: ಜಿರಳೆ ಮತ್ತು ಅದರ ಕಾಲು

ಮನೆಯ ದೊಡ್ಡ ಕಂದು ಜಿರಳೆ, ಅಂದರೆ ಪೆರಿಪ್ಲಾನೆಟಾ ಅಮೆರಿಕಾನಾ, ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಅಡಿಕೆ ಸಿಪ್ಪೆಯ ರಾಶಿ, ಕಟ್ಟಿಗೆ ಕೊಟ್ಟಿಗೆ, ಚರಂಡಿ ಮುಚ್ಚಳದ ಕೆಳಗೆ ಹುಡುಕಿ. ಕೀಟನಾಶಕ ಸ್ಪ್ರೇ ಹೊಡೆದ ಜಾಗದ್ದು ಬೇಡವೇ ಬೇಡ. ಆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಸೋಡಿಯಂ ದ್ವಾರಗಳನ್ನು ಮುಚ್ಚಲು ಬಿಡುವುದಿಲ್ಲ. ಮುಟ್ಟದಿದ್ದರೂ ಸ್ಪೈಕ್‌ಗಳ ಸುರಿಮಳೆ, ಆಮೇಲೆ ಪೂರ್ತಿ ಮೌನ. ಲೆಕ್ಕವೆಲ್ಲ ಹಾಳು.

ನಮ್ಮ ಜಿಲ್ಲೆಯಲ್ಲಿ ಈ ಮಾತು ಬಂದಾಗ ಮಕ್ಕಳು ಎಂಡೋಸಲ್ಫಾನ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷ ಸೋಡಿಯಂ ದ್ವಾರವನ್ನು ಹಿಡಿಯುವುದಲ್ಲ. ನರಕೋಶಗಳಿಗೆ ‘ಸುಮ್ಮನಿರು’ ಎನ್ನುವ ಗಾಬಾ ಸಂಕೇತದ ಕ್ಲೋರೈಡ್ ದ್ವಾರವನ್ನು ಅದು ಅಡ್ಡಗಟ್ಟುತ್ತದೆ. ತಡೆ ಇಲ್ಲವಾದಾಗ ನರಕೋಶಗಳು ಬಿಡುವಿಲ್ಲದೆ ಸಿಡಿಯುತ್ತವೆ. ಅದೇ ನಡುಕ, ಸೆಳವು. ಕೀಟಕ್ಕೂ ಮನುಷ್ಯನಿಗೂ ಈ ದ್ವಾರ ಹೆಚ್ಚುಕಡಿಮೆ ಒಂದೇ ಬಗೆಯದು. ಕತ್ತರಿಸಿದ ಕಾಲಿನಲ್ಲಿ ಇದನ್ನು ನೋಡಲಾಗದು, ನೋಡಲು ಹೋಗಲೂ ಬಾರದು. ಯಾವ ಕೀಟನಾಶಕವನ್ನೂ ತರಗತಿಗೆ ತರಬೇಡಿ.

ಮಂಜುಗಡ್ಡೆ ಹಾಕಿದ ನೀರಿನಲ್ಲಿ ಜಿರಳೆಯನ್ನು ಮುಳುಗಿಸಿ, ಪೂರ್ತಿ ಅಲುಗಾಟ ನಿಲ್ಲುವ ತನಕ, ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ, ಬಿಡಿ. ಹಿಂಗಾಲು ಎಲ್ಲಕ್ಕಿಂತ ದೊಡ್ಡದು. ದೇಹಕ್ಕೆ ಹತ್ತಿರದ ಅಗಲವಾದ ತುಂಡು ಕಾಕ್ಸಾ. ಅದರ ಬುಡದಲ್ಲೇ ಚೂಪಾದ ಸಣ್ಣ ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿ. ಕತ್ತರಿಸಿದ ತುದಿಗೆ ತಕ್ಷಣ ವ್ಯಾಸಲೀನ್ ಸವರಿ. ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಇದನ್ನು ಮರೆತರೆ ಕಾಲು ಒಣಗಿ ಸಂಕೇತ ಬೇಗನೆ ಸಾಯುತ್ತದೆ. ಸವರಿದರೆ ಕೆಲವು ಗಂಟೆ ಬಾಳುತ್ತದೆ. ಜಿರಳೆ ಐದು ಕಾಲಿನಲ್ಲಿ ಬದುಕುತ್ತದೆ. ರೆಕ್ಕೆ ಬಾರದ ಮರಿಯಾದರೆ ಪೊರೆ ಕಳಚುವಾಗ ಕಾಲು ಮತ್ತೆ ಬೆಳೆಯುತ್ತದೆ, ದೊಡ್ಡದಕ್ಕೆ ಬೆಳೆಯದು.

ಬುಡದ ಪಿನ್ನನ್ನು ಕಾಕ್ಸಾದ ಮೂಲಕ, ತೊಡೆಯ ಪಿನ್ನನ್ನು ಅದರ ಮುಂದಿನ ದಪ್ಪ ತೊಡೆ ಭಾಗವಾದ ಫೀಮರ್ ಮೂಲಕ ಕಾರ್ಕಿಗೆ ಚುಚ್ಚಿ. ಪಿನ್ನುಗಳು ಒಂದಕ್ಕೊಂದು ತಾಗಬಾರದು. ಸ್ಪೀಕರಿನಲ್ಲಿ ಈಗಲೇ ಮಳೆ ಹನಿಯಂಥ ಟಪ್ ಟಪ್ ಕೇಳಿಸಬೇಕು. ಕೇಳಿಸದಿದ್ದರೆ ಫೀಮರಿನ ಪಿನ್ನನ್ನು ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಚುಚ್ಚಿ ನೋಡಿ, ನರದ ಹತ್ತಿರ ಬಂದಷ್ಟೂ ಸ್ಪೈಕ್ ಎತ್ತರವಾಗುತ್ತದೆ. ಮೂರು ಕಡೆ ಚುಚ್ಚಿಯೂ ಬಾರದಿದ್ದರೆ ಆ ಕಾಲನ್ನು ಬಿಡಿ; ನರ ತುಂಡಾಗಿರುತ್ತದೆ. ಇನ್ನೂ ತಣ್ಣಗಿರುವ ಕಾಲೂ ಸುಮ್ಮನಿರುತ್ತದೆ, ಐದು ನಿಮಿಷ ಕಾಯಿರಿ.

ಹಂತ 4: ಅಳತೆಯ ಒತ್ತಡ ಕೊಡುವುದು

ಕೈಯಿಂದ ಒತ್ತಿದರೆ ‘ಮೆಲ್ಲಗೆ’, ‘ಗಟ್ಟಿಯಾಗಿ’ ಎಂಬುದಕ್ಕೆ ಅಳತೆ ಇಲ್ಲ. ಗಾಳದ ನೈಲಾನ್ ದಾರದ ತುಂಡುಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಕಡ್ಡಿಗೆ ಅಂಟಿಸಿ. ದಾರದ ತುದಿಯನ್ನು ನೇರವಾಗಿ ಒತ್ತಿದಾಗ ಅದು ಬಾಗಲು ಶುರುವಾಗುವ ಬಲ ಪ್ರತಿ ಸಲವೂ ಒಂದೇ. ಅದಕ್ಕಿಂತ ಹೆಚ್ಚು ಒತ್ತಿದರೂ ದಾರ ಬಾಗುತ್ತದೆಯೇ ಹೊರತು ಬಲ ಹೆಚ್ಚೇನೂ ಏರದು. ಉದ್ದ ಅರ್ಧವಾದರೆ ಈ ಬಲ ನಾಲ್ಕು ಪಟ್ಟು. ಹಾಗಾಗಿ ಒಂದೇ ದಾರದ 40, 28, 20, 14 ಮಿಲಿಮೀಟರ್ ತುಂಡುಗಳು ಪ್ರತಿ ಹೆಜ್ಜೆಗೆ ಸುಮಾರು ಎರಡು ಪಟ್ಟು ಏರುವ ಸಾಲು ಕೊಡುತ್ತವೆ. ಆಭರಣ ತೂಗುವ 0.01 ಗ್ರಾಂ ತಕ್ಕಡಿಯ ಮೇಲೆ ಒತ್ತಿ ಪ್ರತಿಯೊಂದರ ಬಲವನ್ನು ಬರೆದಿಡಿ. ಹಿಡಿಸೂಡಿಯ ಕಡ್ಡಿ ಇದಕ್ಕೆ ತೀರಾ ಬಿಗಿ, ಅದನ್ನು ಹಿಡಿಯಾಗಿ ಬಳಸಿ.

ಎರಡು ಜಾಗ ಪರೀಕ್ಷಿಸಿ. ಒಂದು, ಕಾಲಿನ ಮುಳ್ಳು. ಫೀಮರಿನ ಒಂದೊಂದು ಸ್ಪರ್ಶಮುಳ್ಳಿಗೆ ಒಂದೇ ಸಂವೇದಿ ನರಕೋಶ. ಇನ್ನೊಂದು, ಮುಂದಿನ ತುಂಡಾದ ಟಿಬಿಯಾವನ್ನೇ ಸ್ವಲ್ಪ ಬಗ್ಗಿಸಿ ಹಿಡಿಯುವುದು. ಅದರ ಹೊರಪದರದಲ್ಲಿ ಎಳೆತ, ಒತ್ತಡ ಗುರುತಿಸುವ ಗುಮ್ಮಟದಂಥ ಸಂವೇದಿಗಳಿವೆ. ಮುಳ್ಳನ್ನು ಒತ್ತಿಹಿಡಿದರೆ ಮೊದಲ ಗಳಿಗೆಯಲ್ಲಿ ಸ್ಪೈಕ್‌ಗಳು ದಟ್ಟವಾಗಿ ಬಂದು ಬೇಗನೆ ನಿಂತುಹೋಗುತ್ತವೆ. ಟಿಬಿಯಾ ಬಗ್ಗಿಸಿ ಹಿಡಿದರೆ ಇಳಿಯುತ್ತ ಇಳಿಯುತ್ತ ಹೆಚ್ಚು ಹೊತ್ತು ಮುಂದುವರಿಯುತ್ತವೆ. ಮೊದಲನೆಯದು ‘ಈಗ ಬದಲಾಯಿತು’ ಎಂದು ಹೇಳಿ ಸುಮ್ಮನಾಗುವ ನರ, ಎರಡನೆಯದು ‘ಇನ್ನೂ ಇದೆ’ ಎನ್ನುತ್ತಿರುವ ನರ.

ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಮೊನೊ, 44,100 ಮಾದರಿ ವೇಗದಲ್ಲಿ ರೆಕಾರ್ಡ್ ಮಾಡಿ. ಒಂದು ಮಿಲಿಸೆಕೆಂಡಿಗೆ 44 ಬಿಂದು ಸಿಗುತ್ತದೆ, ಸ್ಪೈಕಿನ ಆಕಾರ ಕಾಣಲು ಧಾರಾಳ. ಲ್ಯಾಪ್‌ಟಾಪಿನ ‘ನಾಯ್ಸ್ ಕಡಿತ’ ಮತ್ತು ‘ಸ್ವಯಂ ಗೇನ್’ ಆಯ್ಕೆಗಳನ್ನು ಕಡ್ಡಾಯವಾಗಿ ತೆಗೆಯಿರಿ. ಅವು ಸ್ಪೈಕನ್ನೇ ಗಲಾಟೆಯೆಂದು ಅಳಿಸಿಬಿಡುತ್ತವೆ. 10 ಸೆಕೆಂಡು ಮೌನ, 5 ಸೆಕೆಂಡು ಒತ್ತಡ, 30 ಸೆಕೆಂಡು ಬಿಡುವು. ಪ್ರತಿ ಬಲಕ್ಕೆ ಹತ್ತು ಸಲ.

ಹಂತ 5: ಎಣಿಸುವುದು

ರೆಕಾರ್ಡಿಂಗಿನಲ್ಲಿ ಎರಡು ಮೂರು ಎತ್ತರದ ಸ್ಪೈಕ್‌ಗಳು ಕಾಣಿಸುತ್ತವೆ. ಅವು ಬೇರೆ ಬೇರೆ ನರಕೋಶಗಳು: ದಪ್ಪ ಆಕ್ಸಾನಿನದು ಮತ್ತು ಪಿನ್ನಿಗೆ ಹತ್ತಿರದ್ದು ಎತ್ತರವಾಗಿ ಕಾಣುತ್ತದೆ. ಒತ್ತಡ ಹೆಚ್ಚಿದಾಗ ದೊಡ್ಡ ಸ್ಪೈಕ್ ಕಂಡರೆ ಹೊಸದೊಂದು ನರಕೋಶ ಸೇರಿಕೊಂಡಿದೆ ಎಂದರ್ಥ. ಸುಯ್ ಸದ್ದಿನ ಎತ್ತರದ ಮೂರು ನಾಲ್ಕು ಪಟ್ಟಿಗೆ ಒಂದು ಗೆರೆ ಎಳೆದುಕೊಂಡು, ಒಂದೇ ಎತ್ತರದ ಗುಂಪನ್ನು ಮಾತ್ರ ಎಣಿಸಿ. ಗೆರೆ ತೀರಾ ಕೆಳಗಿದ್ದರೆ ಗಲಾಟೆಯೂ ಎಣಿಕೆಗೆ ಬರುತ್ತದೆ, ತೀರಾ ಮೇಲಿದ್ದರೆ ನಿಜವಾದದ್ದು ತಪ್ಪುತ್ತದೆ. ಎರಡು ಸ್ಪೈಕ್ ಒಂದರ ಮೇಲೊಂದು ಬಿದ್ದರೆ ವಿಚಿತ್ರ ಆಕಾರ ಬರುತ್ತದೆ; ಅದನ್ನು ಬಿಟ್ಟುಬಿಡಿ.

ಒತ್ತಡದ ಮೊದಲ 100 ಮಿಲಿಸೆಕೆಂಡಿನ ಎಣಿಕೆ, ಮೊದಲ ಸ್ಪೈಕ್ ಬರಲು ಹಿಡಿದ ಸಮಯ, ನಾಲ್ಕನೆಯ ಸೆಕೆಂಡಿನ ಎಣಿಕೆ: ಈ ಮೂರನ್ನು ಪ್ರತಿ ಬಲಕ್ಕೂ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತುಂಬಿ. ಕೇರಳದ ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಸಂಸ್ಥೆಯಾದ ಕೈಟ್‌ನ ಲ್ಯಾಪ್‌ಟಾಪಿನಲ್ಲಿ ಅದು ಹೇಗೂ ಇದೆ. ಎಣಿಕೆ ಏರುವುದು ಏಡ್ರಿಯನ್ ಹೇಳಿದ ವೇಗದ ಭಾಷೆ. ಮೊದಲ ಸ್ಪೈಕ್ ಬೇಗ ಬರುವುದು ಗಳಿಗೆಯ ಭಾಷೆ. ಹತ್ತು ಸಲದ ಎಣಿಕೆಯ ಏರುಪೇರನ್ನೂ ಬರೆಯಿರಿ. ಪಕ್ಕಪಕ್ಕದ ಎರಡು ಬಲಗಳ ಎಣಿಕೆಗಳು ಒಂದರೊಳಗೊಂದು ಬೆರೆತುಹೋದರೆ, ಅಷ್ಟು ಸಣ್ಣ ವ್ಯತ್ಯಾಸವನ್ನು ಈ ನರ ಒಂದೇ ಸಲಕ್ಕೆ ಹೇಳಲಾರದು.

ಹಂತ 6: ಒಂದು ಸ್ಪೈಕಿನ ಬಿಲ್ಲು

ಮನೆಯ ಟ್ಯಾಂಕಿನ ನಳ್ಳಿ ತಿರುಗಿಸಲು ಕರೆಂಟು ಬೇಡ. ಹರಿದುಹೋದಷ್ಟು ನೀರನ್ನು ಬಾವಿಯಿಂದ ಮತ್ತೆ ಮೇಲೆತ್ತುವ ಪಂಪಿಗೆ ಬೇಕು. ಸ್ಪೈಕ್ ಕೂಡ ಹಾಗೆ, ನಡೆಯುವಾಗ ಎಟಿಪಿ ಕೇಳುವುದಿಲ್ಲ. ಒಳನುಗ್ಗಿದ ಸೋಡಿಯಂ ಅನ್ನು ಹೊರಹಾಕುವಾಗ ಕೇಳುತ್ತದೆ. ಯೆನ್ಸ್ ಸ್ಕೂ 1957ರಲ್ಲಿ ಗುರುತಿಸಿದ ಸೋಡಿಯಂ-ಪೊಟ್ಯಾಶಿಯಂ ಪಂಪು ಒಂದು ಎಟಿಪಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಶಿಯಂ ಒಳಗೆ ಸಾಗಿಸುತ್ತದೆ.

ಲೆಕ್ಕ ಹೀಗೆ. ಪೊರೆಯ ಕೆಪ್ಯಾಸಿಟನ್ಸ್ ಪ್ರತಿ ಚದರ ಸೆಂಟಿಮೀಟರಿಗೆ 1 ಮೈಕ್ರೋಫ್ಯಾರಡ್. 1 ಮೈಕ್ರೋಮೀಟರ್ ದಪ್ಪ, 1 ಮಿಲಿಮೀಟರ್ ಉದ್ದದ ಆಕ್ಸಾನಿನ ಮೇಲ್ಮೈ 3.14×10⁻⁵ ಚದರ ಸೆಂಟಿಮೀಟರ್, ಕೆಪ್ಯಾಸಿಟನ್ಸ್ 31.4 ಪೈಕೋಫ್ಯಾರಡ್. ಸ್ಪೈಕಿನ ಏರಿಕೆ 100 ಮಿಲಿವೋಲ್ಟ್ ಎಂದರೆ ಬೇಕಾದ ಚಾರ್ಜು 3.14×10⁻¹² ಕೂಲಂಬ್. ಒಂದು ಅಯಾನಿನ ಚಾರ್ಜಾದ 1.6×10⁻¹⁹ರಿಂದ ಭಾಗಿಸಿ: ಸುಮಾರು 2 ಕೋಟಿ ಸೋಡಿಯಂ ಅಯಾನು. ಮೂರರಿಂದ ಭಾಗಿಸಿ: 65 ಲಕ್ಷ ಎಟಿಪಿ. ಇದು ಕನಿಷ್ಠ.

ನಿಜದಲ್ಲಿ ಹೆಚ್ಚಾಗುತ್ತದೆ, ಏಕೆಂದರೆ ಸೋಡಿಯಂ ಇನ್ನೂ ಒಳಬರುತ್ತಿರುವಾಗಲೇ ಪೊಟ್ಯಾಶಿಯಂ ಹೊರಡಲು ಶುರುವಾಗಿ ಒಂದನ್ನೊಂದು ರದ್ದುಮಾಡುತ್ತವೆ. ಆ ಅಯಾನುಗಳು ವಿಭವವನ್ನು ಬದಲಿಸುವುದಿಲ್ಲ, ಬಿಲ್ಲಿಗೆ ಮಾತ್ರ ಸೇರುತ್ತವೆ. ಸ್ಕ್ವಿಡ್ ಆಕ್ಸಾನಿಗೆ ಈ ಗುಣಕ ಸುಮಾರು 4. ಬಹಳ ಕಾಲ ಎಲ್ಲ ಪ್ರಾಣಿಗಳಿಗೂ ಅದನ್ನೇ ಬಳಸುತ್ತಿದ್ದರು. 2009ರಲ್ಲಿ ಆಲೆ, ರೋತ್, ಗೈಗರ್ ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಭಾಗದ ತೆಳು ಆಕ್ಸಾನುಗಳಲ್ಲಿ ಅಳೆದಾಗ ಸಿಕ್ಕಿದ್ದು 1.3 ಮಾತ್ರ. ಹಾಗಾಗಿ ನಮ್ಮ ಒಂದು ಮಿಲಿಮೀಟರಿಗೆ ಸ್ಕ್ವಿಡ್ ಲೆಕ್ಕದಲ್ಲಿ 2.6 ಕೋಟಿ, ಇಲಿಯ ಲೆಕ್ಕದಲ್ಲಿ 85 ಲಕ್ಷ ಎಟಿಪಿ. ಚಾರ್ಟಿನಲ್ಲಿ ಯಾವ ಗುಣಕ ಬಳಸಿದಿರಿ ಎಂದು ಬರೆಯದಿದ್ದರೆ ಆ ಅಂಕೆಗೆ ಅರ್ಥವಿಲ್ಲ.

ಜಿರಳೆಯ ಕಾಲಿಗೆ 5 ಮೈಕ್ರೋಮೀಟರ್ ದಪ್ಪ, 20 ಮಿಲಿಮೀಟರ್ ಉದ್ದ ಎಂದು ಊಹಿಸಿಕೊಂಡರೆ ಮೇಲ್ಮೈ ನೂರು ಪಟ್ಟು: ಕನಿಷ್ಠ 65 ಕೋಟಿ, ಗುಣಕ 4 ಹಿಡಿದರೆ 260 ಕೋಟಿ ಎಟಿಪಿ. ಜೀವಕೋಶದೊಳಗೆ ಒಂದು ಎಟಿಪಿ ಸುಮಾರು 8.3×10⁻²⁰ ಜೂಲ್ ಕೊಡುತ್ತದೆ. ಅಂದರೆ ಒಂದು ಸ್ಪೈಕಿಗೆ 0.2 ನ್ಯಾನೋಜೂಲ್. ಸೆಕೆಂಡಿಗೆ 100 ಸ್ಪೈಕ್ ಬಂದರೂ 20 ನ್ಯಾನೋವಾಟ್. ಅದನ್ನು ಕೇಳಿಸುವ ಎಲ್‌ಎಂ386 ಸುಮ್ಮನೆ ಕೂತಿರುವಾಗಲೇ 4 ಮಿಲಿಆಂಪಿಯರ್, ಅಂದರೆ 36 ಮಿಲಿವಾಟ್, ನುಂಗುತ್ತದೆ. ಹದಿನೆಂಟು ಲಕ್ಷ ಪಟ್ಟು!

‘ಪ್ರತಿ ಸ್ಪೈಕಿಗೂ ಒಳಗಿನ ಸೋಡಿಯಂ-ಪೊಟ್ಯಾಶಿಯಂ ಅದಲುಬದಲಾಗುತ್ತದೆ’ ಎಂಬ ತಪ್ಪನ್ನೂ ಇದೇ ಲೆಕ್ಕದಿಂದ ಕಿತ್ತುಹಾಕಬಹುದು. ಆ 1 ಮಿಲಿಮೀಟರ್ ತುಂಡಿನೊಳಗೆ ಸುಮಾರು 570 ಕೋಟಿ ಸೋಡಿಯಂ ಅಯಾನುಗಳಿವೆ. 2 ಕೋಟಿ ಸೇರಿದರೆ ಏರಿಕೆ ಶೇಕಡ 0.35. ಪೊಟ್ಯಾಶಿಯಂ ಇಳಿಕೆ ಅದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ.

ದಪ್ಪದ ಬಗ್ಗೆ ಒಂದು ಮಾತು. ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇಲ್ಲದ ಆಕ್ಸಾನಿನಲ್ಲಿ ವೇಗ ಏರುವುದು ವ್ಯಾಸದ ವರ್ಗಮೂಲಕ್ಕೆ ತಕ್ಕಂತೆ. ವೇಗ ಎರಡು ಪಟ್ಟಾಗಬೇಕೆಂದರೆ ದಪ್ಪ ನಾಲ್ಕು ಪಟ್ಟು, ಮೇಲ್ಮೈ ನಾಲ್ಕು ಪಟ್ಟು, ಪ್ರತಿ ಸ್ಪೈಕಿನ ಬಿಲ್ಲೂ ನಾಲ್ಕು ಪಟ್ಟು. ನಮ್ಮಂಥ ಪ್ರಾಣಿಗಳು ಮಯಲಿನ್ ಸುತ್ತಿ ಕೆಪ್ಯಾಸಿಟನ್ಸನ್ನೇ ಇಳಿಸಿಕೊಂಡವು.

ಹಂತ 7: ಒಂದು ಎಟಿಪಿಗೆ ಎಷ್ಟು ಮಾಹಿತಿ?

ಇದು ಇಡೀ ಪ್ರಯೋಗದ ತಿರುಳು, ಸ್ಪ್ರೆಡ್‌ಶೀಟಿನಲ್ಲಿ ಅರ್ಧ ಗಂಟೆಯ ಕೆಲಸ. ಸಮಯವನ್ನು 1 ಮಿಲಿಸೆಕೆಂಡಿನ ಕೋಣೆಗಳಾಗಿ ಕತ್ತರಿಸಿ. ಒಂದು ಕೋಣೆಯಲ್ಲಿ ಸ್ಪೈಕ್ ಇರುವ ಸಂಭವನೀಯತೆ ‘ಸಂ’ ಎಂದಿರಲಿ; ಸೆಕೆಂಡಿಗೆ 3 ಸ್ಪೈಕ್ ಎಂದರೆ ಸಂ = 0.003. ಒಂದು ಕೋಣೆ ಹೆಚ್ಚೆಂದರೆ ಹೊರಬಲ್ಲ ಮಾಹಿತಿ:

−ಸಂ × ಲಾಗ್₂(ಸಂ) − (1−ಸಂ) × ಲಾಗ್₂(1−ಸಂ) ಬಿಟ್

ಒಂದು ಬಿಟ್ ಎಂದರೆ ಹೌದು ಅಥವಾ ಅಲ್ಲ ಎಂಬ ಒಂದು ಉತ್ತರದಷ್ಟು ಮಾಹಿತಿ. ಸಾವಿರದಿಂದ ಗುಣಿಸಿದರೆ ಸೆಕೆಂಡಿಗೆ ಬಿಟ್. ಖರ್ಚಿಗೆ ಅಟ್‌ವೆಲ್ ಮತ್ತು ಲಾಫ್ಲಿನ್ 2001ರಲ್ಲಿ ಇಲಿಯ ಮೆದುಳಿನ ಹೊರಪದರಕ್ಕೆ ಕಟ್ಟಿದ ಅಂದಾಜು ಹಿಡಿಯಿರಿ: ಸುಮ್ಮನಿದ್ದರೂ ಒಂದು ನರಕೋಶಕ್ಕೆ ಸೆಕೆಂಡಿಗೆ 34 ಕೋಟಿ ಎಟಿಪಿ, ಪ್ರತಿ ಸ್ಪೈಕಿಗೆ ಅದರಿಂದ ಎಚ್ಚರಗೊಳ್ಳುವ ಸಿನಾಪ್ಸ್‌ಗಳ (ನರಕೋಶಗಳ ನಡುವಿನ ಸಂಧಿಗಳ) ಖರ್ಚೂ ಸೇರಿ 71 ಕೋಟಿ.

| ಸ್ಪೈಕ್ (ಸೆಕೆಂಡಿಗೆ) | ಬಿಟ್ (ಸೆಕೆಂಡಿಗೆ) | ಒಂದು ಸ್ಪೈಕಿಗೆ ಬಿಟ್ | ಎಟಿಪಿ (ಕೋಟಿ, ಸೆಕೆಂಡಿಗೆ) | 100 ಕೋಟಿ ಎಟಿಪಿಗೆ ಬಿಟ್ |
|---|---|---|---|---|
| 0.1 | 1.5 | 14.7 | 41 | 3.6 |
| 1 | 11.4 | 11.4 | 105 | 10.9 |
| 3 | 29.5 | 9.8 | 247 | 11.9 |
| 10 | 80.8 | 8.1 | 744 | 10.9 |
| 40 | 242 | 6.1 | 2,874 | 8.4 |
| 400 | 971 | 2.4 | 28,434 | 3.4 |

ಕೊನೆಯ ಕಂಬವನ್ನು ಗ್ರಾಫ್ ಮಾಡಿ. ತೀರಾ ಮೌನಿ ನರಕೋಶ ಬಾಡಿಗೆ ಕಟ್ಟುತ್ತ ಏನೂ ಹೇಳುವುದಿಲ್ಲ. ತೀರಾ ವಾಚಾಳಿಯ ಒಂದೊಂದು ಸ್ಪೈಕಿನಲ್ಲೂ ಹೊಸ ಸುದ್ದಿ ಕಡಿಮೆ, ಬಿಲ್ಲು ಮಾತ್ರ ಅಷ್ಟೇ. ನಡುವೆ, ಸೆಕೆಂಡಿಗೆ ಮೂರರ ಆಸುಪಾಸಿನಲ್ಲಿ, ಶಿಖರ. ಲೆವಿ ಮತ್ತು ಬ್ಯಾಕ್ಸ್‌ಟರ್ 1996ರಲ್ಲಿ ಮಂಡಿಸಿದ ವಾದ ಇದೇ: ವಿರಳವಾಗಿ ಸಿಡಿಯುವುದೇ ಅಗ್ಗದ ಭಾಷೆ. ಮಾನವ ಮೆದುಳಿನ ಹೊರಪದರದಲ್ಲಿ ಒಂದೇ ಗಳಿಗೆಯಲ್ಲಿ ಜೋರಾಗಿ ಸಿಡಿಯಬಲ್ಲ ನರಕೋಶಗಳು ಶೇಕಡ 1ಕ್ಕಿಂತಲೂ ಕಡಿಮೆ ಎಂದು ಲೆನ್ನಿ 2003ರಲ್ಲಿ ಲೆಕ್ಕ ಹಾಕಿದ್ದೂ ಶಕ್ತಿಯ ಮಿತಿಯಿಂದಲೇ.

ಇಲ್ಲಿ ಎರಡು ಎಚ್ಚರಿಕೆ. ಕೋಷ್ಟಕದ ಬಿಟ್‌ಗಳು ಗರಿಷ್ಠ ಮಿತಿ: ಪ್ರತಿ ಸ್ಪೈಕ್ ಒಂದು ಮಿಲಿಸೆಕೆಂಡಿನಷ್ಟು ಕರಾರುವಾಕ್ಕು, ಗಲಾಟೆಯೇ ಇಲ್ಲ ಎಂದು ಊಹಿಸಿದ್ದೇವೆ. ನೀವು ಹಂತ 5ರಲ್ಲಿ ಬರೆದ ಏರುಪೇರು ಈ ಅಂಕೆಯನ್ನು ಕೆಳಗಿಳಿಸುತ್ತದೆ. ಇನ್ನು 71 ಕೋಟಿಯಲ್ಲಿ ಸ್ಪೈಕಿನ ಪಾಲನ್ನು ಹಳೆಯ ಗುಣಕ 4ರಲ್ಲೇ ಹಾಕಲಾಗಿತ್ತು. 2012ರಲ್ಲಿ ಹೌವರ್ತ್, ಗ್ಲೀಸನ್, ಅಟ್‌ವೆಲ್ ಅದನ್ನು ತಿದ್ದಿದಾಗ ಹೊರಪದರದ ಸಂಕೇತ ಖರ್ಚಿನಲ್ಲಿ ಸಿನಾಪ್ಸ್ ಆಚೆಯ ಗ್ರಾಹಕಗಳಿಗೆ ಶೇಕಡ 50, ಸ್ಪೈಕ್‌ಗಳಿಗೆ 21, ವಿಶ್ರಾಂತ ವಿಭವ ಕಾಯಲು 20 ಎಂದಾಯಿತು. 71ರ ಜಾಗದಲ್ಲಿ 40 ಹಾಕಿ ನೋಡಿ, ಶಿಖರ ಬಲಕ್ಕೆ ಸ್ವಲ್ಪ ಸರಿಯುತ್ತದೆ, ಕಣ್ಮರೆಯಾಗುವುದಿಲ್ಲ.

ಸರಿಸುಮಾರು ತಾಳೆ ನೋಡಬೇಕೆಂದರೆ ಇಡೀ ಮೆದುಳು ತೆಗೆದುಕೊಳ್ಳಿ. ದೇಹತೂಕದ ಶೇಕಡ 2, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಶೇಕಡ 20, ಅಂದರೆ ಸುಮಾರು 20 ವಾಟ್. ನರಕೋಶಗಳು 8,600 ಕೋಟಿ. ಭಾಗಿಸಿದರೆ ತಲಾ 0.23 ನ್ಯಾನೋವಾಟ್. ಇದು ಗ್ಲೂಕೋಸ್ ಉರಿದ ಲೆಕ್ಕ, ಅದರ ಅರ್ಧದಷ್ಟು ಮಾತ್ರ ಎಟಿಪಿಗೆ ಸೇರುತ್ತದೆ. ಹಾಗಾಗಿ ನರಕೋಶಕ್ಕೆ ಸೆಕೆಂಡಿಗೆ ಸುಮಾರು 140 ಕೋಟಿ ಎಟಿಪಿ. ಕೋಷ್ಟಕದಲ್ಲಿ ಇದು ಬೀಳುವುದು 1 ಮತ್ತು 3ರ ಸಾಲುಗಳ ನಡುವೆ. ನರಕೋಶಗಳಲ್ಲಿ ಹೆಚ್ಚಿನವು ಸೆರೆಬೆಲ್ಲಮ್ಮಿನ (ಕಿರುಮೆದುಳಿನ) ಪುಟಾಣಿಗಳು, ಹಾಗಾಗಿ ಈ ಸರಾಸರಿಯನ್ನು ಯಾವುದೇ ಒಂದು ನರಕೋಶಕ್ಕೆ ಅಂಟಿಸಬೇಡಿ.

ಶಾಸ್ತ್ರೋತ್ಸವಕ್ಕೆ ಒಯ್ಯುವಾಗ

ವರ್ಕಿಂಗ್ ಮಾಡೆಲ್ ಆಗಿ ಇಡುವುದಾದರೆ ಜೀವಂತ ಪ್ರಾಣಿಯ ಬಳಕೆಗೆ ಮೊದಲೇ ಶಾಲೆಯಿಂದ, ಆಯೋಜಕರಿಂದ ಒಪ್ಪಿಗೆ ಪಡೆಯಿರಿ. ಕತ್ತರಿಸುವ ಕೆಲಸ ಶಿಕ್ಷಕರು ಬೆಳಗ್ಗೆಯೇ ಮುಗಿಸಲಿ. ಪ್ರೇಕ್ಷಕರ ಮುಂದೆ ಬೇಡ. ಬೆಳಗಿನ ಕಾಲು ಮಧ್ಯಾಹ್ನದ ಊಟದ ಹೊತ್ತಿಗೆ ಸೋಲತೊಡಗುತ್ತದೆ, ತೀರ್ಪುಗಾರರು ಬರುವುದು ಹೆಚ್ಚಾಗಿ ಆಮೇಲೆ. ಹಿಂದಿನ ದಿನದ ಒಳ್ಳೆಯ ರೆಕಾರ್ಡಿಂಗೊಂದನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿರಿ, ಅದು ರೆಕಾರ್ಡಿಂಗ್ ಎಂದು ಸ್ಪಷ್ಟವಾಗಿ ಹೇಳಿ. ಸಭಾಂಗಣದ ಟ್ಯೂಬ್‌ಲೈಟ್‌ಗಳನ್ನು ನಿಮಗಾಗಿ ಯಾರೂ ಆರಿಸುವುದಿಲ್ಲ, ಹಾಗಾಗಿ ತಗಡಿನ ಡಬ್ಬಿಯನ್ನು ಮರೆಯಬೇಡಿ. ಮೂರು ಬ್ಯಾಟರಿಯೂ ಹೊಸದಿರಲಿ. 9 ವೋಲ್ಟಿನದು 7ಕ್ಕೆ ಇಳಿದಾಗ ಮೊದಲು ಸ್ಪೀಕರ್ ಕರಕರ ಎನ್ನುತ್ತದೆ, ಅದನ್ನು ನರದ ಸದ್ದೆಂದು ಮಕ್ಕಳು ಉತ್ಸಾಹದಿಂದ ವಿವರಿಸತೊಡಗುತ್ತಾರೆ.